ರಾಯಚೂರಿನ ಪೇಂಟರ್ ಕಾಕಾ: ಮೂರು ಲಿಪಿ, ಒಂದು ಬಟ್ಟೆ ಬ್ಯಾನರ್

ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಹತ್ತಿರದ ಒಂದು ಗಲ್ಲಿಯಲ್ಲಿ ಕೈಯಲ್ಲೇ ಬೋರ್ಡು, ಬ್ಯಾನರು ಬರೆದುಕೊಡುವ ಪುಟ್ಟ ಅಂಗಡಿ ಇದೆ. ಒಂದು ಶಟರ್, ಒಳಗೆ ಉದ್ದನೆಯ ಹಲಗೆ, ಗೋಡೆ ಬದಿಗೆ ಬಣ್ಣದ ಡಬ್ಬಿಗಳು. ಬೋರ್ಡಿನ ಮೇಲೆ ಮಾಲೀಕರ ಹೆಸರಿಲ್ಲ. ‘ಪೇಂಟರ್’ ಅಂತ ಕನ್ನಡ, ಉರ್ದು, ತೆಲುಗು ಮೂರರಲ್ಲೂ ಬರೆದಿದೆ, ಅಷ್ಟೇ. ಗಲ್ಲಿಯವರೆಲ್ಲ ಪೇಂಟರ್ ಕಾಕಾ ಅಂತಲೇ ಕರೆಯುತ್ತಾರೆ. 2025ರ ಆಗಸ್ಟ್ 23, ಶನಿವಾರ ಬೆಳಿಗ್ಗೆ 10.30ಕ್ಕೆ ನಾನು ಆ ಅಂಗಡಿ ಮುಂದೆ ಏನೂ ತೋಚದೆ ನಿಂತಿದ್ದೆ. ಮಧ್ಯಾಹ್ನ 3.15ಕ್ಕೆ ಕಾಕಾ ನನ್ನ ಕೈಗೆ ಒಂದು ಬ್ಯಾನರ್ ಕೊಟ್ಟರು. ಇಂಥ ಕೆಲಸ ಇನ್ನೂ ಮಾಡುವವರಿದ್ದಾರೆ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಾನು ಇಲ್ಲೇ ಒಂದು ಸಣ್ಣ ಸಂಸ್ಥೆಯಲ್ಲಿ ಆಫೀಸ್ ಕೆಲಸ ಮಾಡುತ್ತೇನೆ. ಹೆಣ್ಣುಮಕ್ಕಳಿಗೆ ಹೊಲಿಗೆ ತರಗತಿ, ಮಕ್ಕಳಿಗೆ ಸಂಜೆ ಪಾಠ ನಮ್ಮ ಮುಖ್ಯ ಕೆಲಸ. ಜೊತೆಗೆ ವರ್ಷಕ್ಕೊಮ್ಮೆ ನಮ್ಮ ಓಣಿಗಳ ಎಲ್ಲ ಧರ್ಮದ ಹಿರಿಯರನ್ನು ಕೂರಿಸಿ ಸೌಹಾರ್ದ ಸಭೆ ಮಾಡುತ್ತೇವೆ. ಈ ಮೂರು ವರ್ಷ ಆ ಸಭೆಗೆ ಜಾಸ್ತಿ ತೂಕ ಬಂದಿದೆ. 2023ರಿಂದ 2025ರವರೆಗೆ ಗಣೇಶ ಚತುರ್ಥಿ ಮತ್ತು ಈದ್ ಮಿಲಾದ್ ಹತ್ತತ್ತಿರವೇ ಬಂದಿವೆ. ಮುಸ್ಲಿಮರ ಕ್ಯಾಲೆಂಡರ್ ಪೂರ್ತಿ ಚಂದ್ರನ ಲೆಕ್ಕ, ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ನಮ್ಮ ಪಂಚಾಂಗ ಅಧಿಕ ಮಾಸ ಹಾಕಿ ಸರಿಮಾಡಿಕೊಳ್ಳುತ್ತದೆ. ಹಾಗಾಗಿ ಕೆಲವು ವರ್ಷ ಎರಡೂ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಈ ಸಲ ಚತುರ್ಥಿ ಆಗಸ್ಟ್ 27ಕ್ಕೆ, ಮಿಲಾದ್ ಸೆಪ್ಟೆಂಬರ್ 5ಕ್ಕೆ. ಎರಡು ಮೆರವಣಿಗೆ, ಅವೇ ರಸ್ತೆಗಳು. ಕೂತು ಮಾತಾಡಿಕೊಳ್ಳಲೇಬೇಕಲ್ವಾ?

ಸಭೆಯ ಹೊತ್ತು ಗೊತ್ತುಮಾಡುವುದೇ ಒಂದು ಕೆಲಸ. ಜೈನರ ಪರ್ಯುಷಣ ಅದೇ ವಾರ ನಡೆಯುತ್ತಿತ್ತು, ಅವರಿಗೆ ಸೂರ್ಯ ಮುಳುಗುವ ಮುಂಚೆ ಮನೆ ಸೇರಬೇಕು. ಮುಸ್ಲಿಮರ ಅಸರ್ ನಮಾಜಿಗೆ, ಅಂದರೆ ಇಳಿಹೊತ್ತಿನ ಪ್ರಾರ್ಥನೆಗೆ, ನಡುವೆ ಬಿಡುವು ಬೇಕು. ಚರ್ಚಿನವರಿಗೆ ಭಾನುವಾರ ಆಗುವುದಿಲ್ಲ. ನಾಲ್ಕನೇ ಶನಿವಾರ ಸರ್ಕಾರಿ ರಜೆ, ನೌಕರಿ ಮಾಡುವವರೂ ಸಿಗುತ್ತಾರೆ. ಎಲ್ಲ ನೋಡಿ ಶನಿವಾರ ಸಂಜೆ 4 ಗಂಟೆ ಅಂತ ಆಯಿತು. ಇಷ್ಟೆಲ್ಲ ಜೋಪಾನ ಮಾಡಿದ ನಾನು ಬ್ಯಾನರ್ ವಿಷಯದಲ್ಲಿ ಎಡವಿದೆ.

ಫ್ಲೆಕ್ಸ್‌ಗೆ ಊರಿನ ಒಂದು ಅಂಗಡಿಯಲ್ಲಿ ಹೇಳಿದ್ದೆ. ಹೆಸರು ಬೇಡ. ಗಣಪತಿ ಸೀಜನ್, ಅವರ ಮೆಷಿನ್ ರಾತ್ರಿಯಿಡೀ ಓಡುತ್ತಿತ್ತು. ಕನ್ನಡ, ಉರ್ದು, ತೆಲುಗು ಮೂರೂ ಸಾಲುಗಳನ್ನು ಫೋನಿನಲ್ಲಿ ಟೈಪ್ ಮಾಡಿಸಿಕೊಂಡು ವಾಟ್ಸಾಪ್‌ನಲ್ಲಿ ಕಳಿಸಿದೆ. ಪ್ರಿಂಟ್ ಹಾಕುವ ಮುಂಚೆ ಒಮ್ಮೆ ತೋರಿಸಿ ಅಂತ ಕೇಳಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಶುಕ್ರವಾರ ರಾತ್ರಿ ಸುರುಳಿ ಸುತ್ತಿದ ಫ್ಲೆಕ್ಸ್ ತಂದು ಆಫೀಸಿನ ಮೂಲೆಯಲ್ಲಿಟ್ಟೆ. ಶನಿವಾರ ಬೆಳಿಗ್ಗೆ 9.30ಕ್ಕೆ ಬಿಚ್ಚಿದೆವು.

ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ. ಕನ್ನಡದ ಸಾಲು ನೋಡಿದ ತಕ್ಷಣ ಎದೆ ಧಸಕ್ ಅಂತು. ‘ಸರ್ವಧರ್ಮ’ ಅಂತ ಇರಬೇಕಾದಲ್ಲಿ ‘ಸರ್‌ವಧರ್‌ಮ’ ಅಂತಿತ್ತು. ‘ಸರ್ವಧರ್ಮ ಸೌಹಾರ್ದ ಸಭೆ’ ಅನ್ನುವ ಮಾತಿನಲ್ಲಿ ಮೂರು ಅರ್ಕಾವತ್ತು ಬರುತ್ತವೆ. ಮೂರೂ ಬಿದ್ದುಹೋಗಿದ್ದವು. ಆದರೂ ಕನ್ನಡವನ್ನು ಹೇಗೋ ಓದಬಹುದಿತ್ತು. ನಮ್ಮ ಹೊಲಿಗೆ ಟೀಚರ್ ಆಪಾ ಉರ್ದು ಸಾಲಿನ ಮುಂದೆ ಸುಮ್ನೆ ನಿಂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, “ಇದನ್ನ ಓದಾಕ ಬರಂಗಿಲ್ಲ ತಂಗಿ” ಅಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಬೇಜಾರಿತ್ತು. ಅದು ನನಗೆ ಇನ್ನೂ ಕಷ್ಟವಾಯಿತು.

ಏನಾಗಿತ್ತು ಅಂತ ಆಮೇಲೆ ತಿಳಿದುಕೊಂಡೆ. ಬೇರೆಯವರಿಗೂ ಉಪಯೋಗ ಆಗುತ್ತದೆ, ಅದಕ್ಕೇ ಹೇಳುತ್ತೇನೆ. ನಾವು ಫೋನಿನಲ್ಲಿ ಟೈಪ್ ಮಾಡುವುದು ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಒಂದು ಸಂಕೇತ ಪದ್ಧತಿ. ಅದರಲ್ಲಿ ‘ರ್ವ’ ಅನ್ನುವುದು ರ, ಅರ್ಧಾಕ್ಷರದ ಗುರುತು, ವ ಅಂತ ಬಿಡಿಬಿಡಿಯಾಗಿಯೇ ಇರುತ್ತದೆ. ಅದನ್ನು ಕೂಡಿಸಿ ಅರ್ಕಾವತ್ತು ಮಾಡಿ ತೋರಿಸುವುದು ಸಾಫ್ಟ್‌ವೇರ್ ಕೆಲಸ. ಡಿಸೈನ್ ಮಾಡುವ ಹಳೆಯ ಸಾಫ್ಟ್‌ವೇರ್‌ಗಳಿಗೆ ಆ ಕೂಡಿಸುವ ವಿದ್ಯೆ ಇಲ್ಲ. ಅದಕ್ಕೇ ಎಷ್ಟೋ ಅಂಗಡಿಗಳಲ್ಲಿ ಇನ್ನೂ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಮತ್ತೆ ಟೈಪ್ ಮಾಡಿಕೊಳ್ಳುತ್ತಾರೆ, ಅಲ್ಲಿ ಒತ್ತಕ್ಷರದ ಆಕಾರ ರೆಡಿ ಇರುತ್ತದೆ. ಅವತ್ತು ಅವಸರಕ್ಕೆ ನನ್ನ ಮೆಸೇಜನ್ನು ಹಾಗೇ ಅಂಟಿಸಿದ್ದರು. ಉರ್ದುವಿನದು ಇನ್ನೂ ಕಷ್ಟ. ಒಂದೇ ಅಕ್ಷರಕ್ಕೆ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಯಲ್ಲಿ ಇನ್ನೊಂದು. ಬರೆಯುವುದು ಬಲದಿಂದ ಎಡಕ್ಕೆ. ನಮ್ಮ ಫ್ಲೆಕ್ಸ್‌ನಲ್ಲಿ ಅಕ್ಷರಗಳೆಲ್ಲ ಕೈಬಿಟ್ಟು ದೂರ ದೂರ ನಿಂತಿದ್ದವು, ಅದೂ ಉಲ್ಟಾ. ‘ಸಭೆ’ ಅಂತ ಬರೆಯುವ ಕಡೆ ‘ಭೆ ಸ’ ಅಂತ ಬರೆದರೆ ನಮಗೆ ಹೇಗಾಗುತ್ತದೆ, ಹಾಗೆ.

ಅಂಗಡಿಗೆ ಫೋನ್ ಮಾಡಿದೆ. ನೀವು ಕಳಿಸಿದ್ದನ್ನೇ ಹಾಕಿದ್ದೀವಿ, ಇನ್ನೊಂದು ಬೇಕಂದ್ರೆ ಸೋಮವಾರ ಅಂದರು. ಉರ್ದು ಸಾಲನ್ನು ಮುಚ್ಚಿಬಿಡೋಣ ಅಂತ ನಮ್ಮ ಆಫೀಸಿನಲ್ಲೇ ಒಬ್ಬರು ಹೇಳಿದರು. ನನಗೆ ಮನಸ್ಸಾಗಲಿಲ್ಲ. ಎಲ್ಲರೂ ಬನ್ನಿ ಅಂತ ಕರೆದು, ಒಬ್ಬರ ಅಕ್ಷರದ ಮೇಲೆ ಪೇಪರ್ ಅಂಟಿಸಿ ಕೂರಿಸುವುದು ಹೇಗೆ? ಚಾ ತಂದುಕೊಡುವ ಹುಡುಗ ಎಲ್ಲ ಕೇಳಿಸಿಕೊಂಡು, “ಅಕ್ಕಾ, ತೀನ್ ಕಂದೀಲ್ ಕಡಿ ಒಬ್ರು ಕಾಕಾ ಅದಾರ್ರಿ, ಮೂರೂ ಬರೀತಾರ” ಅಂದ. ಆಪಾ ಬುರ್ಖಾ ಹಾಕಿಕೊಂಡು ನನ್ನ ಜೊತೆ ಆಟೋ ಹತ್ತಿದರು.

ಕಾಕಾಗೆ ಅರವತ್ತು ದಾಟಿದೆ. ನಾವು ಹೋದಾಗ ಒಂದು ಟ್ರ್ಯಾಕ್ಟರ್ ಟ್ರೈಲರ್‌ನ ನಂಬರ್ ಪ್ಲೇಟ್ ಬರೆಯುತ್ತಿದ್ದರು. ನಾನು ಕೊಟ್ಟ ಹಾಳೆ ಓದಿದರು. ಅದರಲ್ಲಿ ಸಭೆಯ ಹೆಸರು, ಅಧ್ಯಕ್ಷತೆ, ಉದ್ಘಾಟನೆ, ಹದಿನಾಲ್ಕು ಜನ ಅತಿಥಿಗಳ ಹೆಸರು, ಎಲ್ಲ ಇತ್ತು. “ಇವತ್ತ ನಾಕಕ್ಕಾ?” ಅಂತ ಕೇಳಿದರು. ಹೌದು ಅಂದೆ. ಪೆನ್ಸಿಲ್ ತೆಗೆದು ಹದಿನಾಲ್ಕು ಹೆಸರಿನ ಮೇಲೆ ಒಂದೇ ಗೆರೆ ಎಳೆದರು. “ಇಷ್ಟು ಬರಿಯಾಕ ಎರಡು ದಿನ ಬೇಕ್ರಿ. ಸಭೆ ಹೆಸರು ಮೂರು ಭಾಷೆದಾಗ ಬರೀತೀನಿ. ತಾರೀಖು ಬ್ಯಾರೆ ಪಟ್ಟಿ ಮ್ಯಾಲೆ.”

ಇದರ ಬಗ್ಗೆ ಸ್ವಲ್ಪ ಹೇಳಬೇಕು. ಪ್ರತಿವರ್ಷ ಫ್ಲೆಕ್ಸ್ ಮಾಡಿಸುವಾಗ ಜಾಸ್ತಿ ತಲೆನೋವು ಬರುವುದೇ ಹೆಸರು ಮತ್ತು ಫೋಟೋಗಳಿಂದ. ಯಾರ ಫೋಟೋ ದೊಡ್ಡದು, ಯಾರದು ಮೊದಲ ಸಾಲು, ಮಠದ ಸ್ವಾಮಿಗಳ ಪಕ್ಕ ಯಾರು, ಮೌಲಾನಾ ಅವರ ಕೆಳಗೆ ಯಾರು. ಒಂದು ವರ್ಷ ಒಬ್ಬ ಹಿರಿಯರು ತಮ್ಮ ಹೆಸರು ಕೊನೆಗಿದೆ ಅಂತ ವೇದಿಕೆ ಹತ್ತಲೇ ಇಲ್ಲ. ನಾವು ಅವರ ಮನೆಗೆ ಎರಡು ಸಲ ಹೋಗಿ ಕ್ಷಮೆ ಕೇಳಿದ್ದೆವು. ಈ ವರ್ಷದ ಬ್ಯಾನರ್ ಮೇಲೆ ಯಾರ ಹೆಸರೂ ಇರಲಿಲ್ಲ, ಫೋಟೋನೂ ಇರಲಿಲ್ಲ. ಯಾರೂ ಏನೂ ಕೇಳಲಿಲ್ಲ. ಮುಂದಿನ ವರ್ಷವೂ ಹೀಗೇ ಮಾಡೋಣ ಅಂತ ನಮ್ಮ ಮೇಡಂ ಆಗಲೇ ಹೇಳಿದ್ದಾರೆ.

ಇನ್ನು ಕೆಲಸದ ರೀತಿ. ಹತ್ತು ಅಡಿ ಕೋರಾ ಬಟ್ಟೆಯನ್ನು ಹಲಗೆ ಮೇಲೆ ಬಿಗಿಯಾಗಿ ಎಳೆದು ಮೊಳೆ ಹೊಡೆದರು. ದಾರಕ್ಕೆ ನೀಲಿ ಪುಡಿ ಸವರಿ, ಎರಡು ತುದಿ ಹಿಡಿದು, ನಡುವೆ ಎತ್ತಿ ಬಿಟ್ಟರು. ಟಪ್ ಅಂತ ಒಂದು ನೇರ ಗೆರೆ ಬಿತ್ತು. ಹೀಗೆ ಆರು ಗೆರೆ. ಬಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿದರು, ಬಟ್ಟೆ ಮೇಲೆ ಹರಡುವುದಿಲ್ಲವಂತೆ. ಮೊದಲು ಪೆನ್ಸಿಲ್‌ನಲ್ಲಿ ಎಲ್ಲ ಬರೆದರು. ಆಮೇಲೆ ನನಗೊಂದು ಪ್ರಶ್ನೆ: “ಸೌಹಾರ್ದಕ್ಕ ದ ಹೊಟ್ಟಿ ಸೀಳೀರಿ. ಹಂಗ ಬರೀಲೇನು, ಸರಿ ಮಾಡ್ಲೇನು?” ಹಾಳೆ ನೋಡಿದೆ. ನಾನು ‘ಸೌಹಾರ್ಧ’ ಅಂತ ಬರೆದಿದ್ದೆ. ನಾಲ್ಕು ವರ್ಷದ ಫ್ಲೆಕ್ಸ್‌ಗಳಲ್ಲೂ ಹಾಗೇ ಇತ್ತು, ಒಬ್ಬರೂ ಹೇಳಿರಲಿಲ್ಲ. “ಧರ್ಮದ ಧಕ್ಕ ಹೊಟ್ಟಿ ಸೀಳಬೇಕು, ಸೌಹಾರ್ದದ ದಕ್ಕ ಬ್ಯಾಡ” ಅಂತ ಹೇಳಿ ಪೆನ್ಸಿಲ್ ಗುರುತನ್ನು ಬೆರಳಲ್ಲಿ ಉಜ್ಜಿದರು.

ಕನ್ನಡದ ಸಾಲು ಮುಗಿಯುವ ಹೊತ್ತಿಗೆ 12 ಗಂಟೆ. ಆಮೇಲೆ ಬಟ್ಟೆಯ ಬಲತುದಿಗೆ ಹೋಗಿ ಕೂತರು. ಬೇರೆ ಬ್ರಷ್ ತೆಗೆದರು, ಚಪ್ಪಟೆಯದು, ತುದಿಯನ್ನು ಓರೆಯಾಗಿ ಕತ್ತರಿಸಿದ್ದು. ಆಪಾಗೆ ಪಕ್ಕದ ಸ್ಟೂಲ್ ತೋರಿಸಿ, “ಅಕ್ಕಾರ, ನೀವು ಇಲ್ಲೇ ಕುಂದರ್ರಿ. ತಪ್ಪಾದ್ರ ತಕ್ಷಣ ಹೇಳ್ರಿ” ಅಂದರು. ಯಾವ ಭಾಷೆ ಬರೆದರೂ ಆ ಭಾಷೆ ಓದುವವರು ಒಬ್ಬರು ನೋಡದೆ ಬ್ರಷ್ ಬಣ್ಣಕ್ಕೆ ಅದ್ದುವುದಿಲ್ಲ ಅನ್ನುವುದು ಅವರ ನಿಯಮ. ಈ ಅಂಗಡಿಯ ಬಗ್ಗೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ನಾಲ್ಕು ದಶಕ ಬರೆದ ಕೈ, ಆದರೂ ಕೇಳುತ್ತಾರೆ.

ಉರ್ದು ಸಾಲು ‘ಬೈನುಲ್ ಮಜಾಹಿಬ್ ಜಲ್ಸಾ’, ಅಂದರೆ ಬೇರೆ ಬೇರೆ ಧರ್ಮದವರು ಸೇರುವ ಸಭೆ. ಕಾಕಾ ಬರೆಯುವುದು ನೋಡುತ್ತಿದ್ದರೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಬ್ರಷ್ ಎತ್ತದೆ ಒಂದು ಅಕ್ಷರದಿಂದ ಇನ್ನೊಂದಕ್ಕೆ ಇಳಿದು ಹೋಗುತ್ತಿದ್ದರು. ಓರೆ ತುದಿ ಇರುವುದರಿಂದ ಅಡ್ಡ ಎಳೆದಾಗ ದಪ್ಪ, ಕೆಳಗೆ ಎಳೆದಾಗ ಸಣ್ಣ. ಚುಕ್ಕಿ ಮಾತ್ರ ಒಂದೂ ಇಡಲಿಲ್ಲ. ಇಡೀ ಸಾಲು ಚುಕ್ಕಿ ಇಲ್ಲದೆ ಮುಗಿಸಿ, ಬ್ರಷ್ ತೊಳೆದು, ಮತ್ತೆ ಬಲದಿಂದ ಶುರು ಮಾಡಿದರು. ಒಂದು. ಎರಡು, ಮೂರು. ನಾಲ್ಕು. ಒಂದೊಂದೂ ವಜ್ರದ ಆಕಾರದ ಚುಕ್ಕಿ. ಬಾಯಲ್ಲಿ ಎಣಿಸುತ್ತಲೇ ಇಟ್ಟರು. ಏಳಕ್ಕೆ ನಿಂತರು. “ಏಳ್ರೀ ಅಕ್ಕಾರ?” ಆಪಾ ಬೆರಳು ಮಡಚಿ ಎಣಿಸಿದರು. “ಸಾತ್. ಬರೋಬರ್” ಅಂದರು.

ಯಾಕೆ ಹಾಗೆ ಎಣಿಸುತ್ತೀರಿ ಅಂತ ಕೇಳಿದೆ. ರದ್ದಿ ಹಾಳೆ ಮೇಲೆ ಒಂದು ಪದ ಬರೆದು ತೋರಿಸಿದರು. ಮೊದಲ ಅಕ್ಷರದ ಮೇಲೆ ಚುಕ್ಕಿ ಇಟ್ಟರೆ ‘ಖುದಾ’, ದೇವರು. ಅದೇ ಚುಕ್ಕಿ ಕೆಳಗೆ ಇಟ್ಟರೆ ‘ಜುದಾ’, ಬೇರೆಯಾಗುವುದು. ಬೇರೆ ಏನೂ ಬದಲಾಗುವುದಿಲ್ಲ. “ಇಂಥಾ ಸಭಾಕ್ಕ ಚುಕ್ಕಿ ತಪ್ಪಬಾರದ್ರಿ” ಅಂದರು. ಆಪಾ ತಲೆ ಆಡಿಸಿದರು. ಆ ರದ್ದಿ ಹಾಳೆಯನ್ನು ಕೇಳಿ ಇಸಕೊಂಡೆ, ಈಗ ನನ್ನ ಟೇಬಲ್ ಗಾಜಿನ ಕೆಳಗಿದೆ.

ಉರ್ದು ಎಲ್ಲಿ ಕಲಿತಿರಿ ಅಂದಿದ್ದಕ್ಕೆ ಅಪ್ಪನಿಂದ ಅಂದರು. ಅವರ ತಂದೆ ಓದಿದ್ದು ನಿಜಾಮರ ಕಾಲದಲ್ಲಿ. 1948ರ ಸೆಪ್ಟೆಂಬರ್ 17ರವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿತ್ತಲ್ಲ, ಕಚೇರಿ ಕಾಗದ ಉರ್ದುವಿನಲ್ಲಿ ನಡೆಯುತ್ತಿತ್ತು. ಆಮೇಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬೋರ್ಡುಗಳೆಲ್ಲ ಕನ್ನಡಕ್ಕೆ ಬಂದವು. ತಂದೆ ಮನೆಯಲ್ಲಿ ಸ್ಲೇಟಿನ ಮೇಲೆ ಮಗನಿಗೆ ಉರ್ದು ಕಲಿಸಿದರಂತೆ. ತೆಲುಗು ಕಲಿತದ್ದು ಗಂಜ್‌ನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿಗಳ ಬೋರ್ಡು ಬರೆಯುತ್ತಾ. ಚಿಕ್ಕವರಿದ್ದಾಗ ಕೋಟೆಗೆ ಹೋಗಿ ಕಲ್ಲಿನ ಅಕ್ಷರ ನೋಡುತ್ತಾ ಕೂರುತ್ತಿದ್ದರಂತೆ. ನಮ್ಮ ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ, 1294ರ ತೆಲುಗು ಶಾಸನ ಅದರ ಮೇಲಿದೆ. ಅದೇ ಕೋಟೆಯಲ್ಲಿ ಆಮೇಲೆ ಬಂದವರ ಪಾರಸಿ ಶಾಸನಗಳೂ ಇವೆ. ನಾನು ಶಾಲೆಯಿಂದ ಪ್ರವಾಸ ಹೋದಾಗ ಆ ಕಲ್ಲಿನ ಮುಂದೆ ಫೋಟೋ ತೆಗೆಸಿಕೊಂಡು ಬಂದಿದ್ದೆ ಅಷ್ಟೇ. ಅಕ್ಷರದ ಕಡೆ ನೋಡಿರಲೇ ಇಲ್ಲ.

ತೆಲುಗು ಸಾಲಿನಲ್ಲಿ ಒಂದು ತಪ್ಪಾಯಿತು, ಅದನ್ನೂ ಹೇಳಬೇಕು. ಕನ್ನಡ, ತೆಲುಗು ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ, ಆದರೆ ತಲೆಕಟ್ಟು ಬೇರೆ. ‘ಸರ್ವ’ ಬರೆಯುವಾಗ ನಮ್ಮಲ್ಲಿ ರ ಮುಂದೆ ಹೋಗಿ ಅರ್ಕಾವತ್ತಾಗುತ್ತದೆ, ತೆಲುಗಿನಲ್ಲಿ ರ ತನ್ನ ಜಾಗದಲ್ಲೇ ಇರುತ್ತದೆ, ವ ಒತ್ತಾಗಿ ಕೆಳಗೆ ಇಳಿಯುತ್ತದೆ. ಇದನ್ನೆಲ್ಲ ಕಾಕಾ ಸರಿಯಾಗಿಯೇ ಬರೆದರು. ಪೆನ್ಸಿಲ್ ಗುರುತಿನ ಫೋಟೋವನ್ನು ನಮ್ಮ ಸಭೆಗೆ ಬರುವ ಚರ್ಚಿನ ಹಿರಿಯರೊಬ್ಬರಿಗೆ ಕಳಿಸಿದೆ, ಅವರ ಮನೆಮಾತು ತೆಲುಗು. ಎರಡೇ ನಿಮಿಷದಲ್ಲಿ ಫೋನ್ ಬಂತು: ‘ಸಮಾವೇಶಂ’ ಕೊನೆಯ ಸೊನ್ನೆ ಬಿಟ್ಟುಹೋಗಿದೆ. ಕಾಕಾ ಕನ್ನಡಕ ಸರಿಮಾಡಿಕೊಂಡು ನೋಡಿ, “ಹೌದ್ರಿ, ನಂದು ತಪ್ಪು” ಅಂದು ಸೊನ್ನೆ ಸೇರಿಸಿದರು. ಬಣ್ಣ ಹಚ್ಚುವ ಮುಂಚೆಯೇ ಸಿಕ್ಕಿತು. ಆ ನಿಯಮ ಯಾಕೆ ಬೇಕು ಅಂತ ಆಗ ಪೂರ್ತಿ ಅರ್ಥವಾಯಿತು.

2.30ಕ್ಕೆ ಬರೆಯುವುದು ಮುಗಿಯಿತು. ಬಿಸಿಲಿಗೆ ಗಲ್ಲಿಯಲ್ಲಿ ಕಟ್ಟಿದ್ದೆವು, ಅಷ್ಟರಲ್ಲಿ ಮೋಡ ಬಂದು ಹನಿ ಶುರುವಾಯಿತು. ಪಕ್ಕದ ಮಿರ್ಚಿ ಬಂಡಿಯವರು, ಸೈಕಲ್ ಅಂಗಡಿ ಹುಡುಗ, ನಾನು, ಆಪಾ, ನಾಲ್ಕು ಮೂಲೆ ಹಿಡಿದು ಒಳಗೆ ಓಡಿದೆವು. ಫ್ಯಾನ್ ಕೆಳಗೆ ಹಿಡಿದುಕೊಂಡೇ ಒಣಗಿಸಿದ್ದು. ನೀರಿನ ಬಣ್ಣವಾದ್ದರಿಂದ ಈ ತೊಂದರೆ ಇದ್ದೇ ಇದೆ. ಹೊರಗೆ ಕಟ್ಟುವ ಬ್ಯಾನರ್ ಆದರೆ, ಮಳೆಗಾಲ ಆದರೆ, ಮೊದಲೇ ಹೇಳಿ, ಎಣ್ಣೆ ಬಣ್ಣದಲ್ಲಿ ಬರೆಯುತ್ತಾರೆ. ಅದಕ್ಕೆ ಒಣಗಲು ಒಂದು ದಿನ ಬೇಕು. ನಮ್ಮ ಬ್ಯಾನರಿನ ಎಡಮೂಲೆಯಲ್ಲಿ ಒಂದು ನೀಲಿ ಬೆರಳಿನ ಗುರುತು ಉಳಿದಿದೆ. ಅದು ನನ್ನ ಬೆರಳು.

ದುಡ್ಡಿನ ಲೆಕ್ಕ: ಬಟ್ಟೆ ಸೇರಿ 1,600 ರೂಪಾಯಿ. ಫ್ಲೆಕ್ಸ್‌ಗೆ ನಾನು ಕೊಟ್ಟಿದ್ದು 672. ಎರಡು ಪಟ್ಟಿಗಿಂತ ಜಾಸ್ತಿ, ನಿಜ. ಆದರೆ ತಾರೀಖು ಬೇರೆ ಪಟ್ಟಿಯ ಮೇಲೆ ಪಿನ್ ಹಾಕಿ ಕೊಟ್ಟಿರುವುದರಿಂದ ಬ್ಯಾನರನ್ನು ಮಡಚಿಟ್ಟು ಮುಂದಿನ ವರ್ಷವೂ ಕಟ್ಟಬಹುದು. ಫ್ಲೆಕ್ಸ್ ಆದರೆ ಮಾರನೇ ದಿನ ಕಸ. ಅಲ್ಲದೆ 2016ರಲ್ಲಿ ಕರ್ನಾಟಕ ಸರ್ಕಾರ ನಿಷೇಧ ಮಾಡಿದ ಪ್ಲಾಸ್ಟಿಕ್ ಸಾಮಾನುಗಳ ಪಟ್ಟಿಯಲ್ಲಿ ಫ್ಲೆಕ್ಸ್ ಕೂಡ ಇದೆ. ಅದು ಗೊತ್ತಿದ್ದೂ ನಾವು ವರ್ಷ ವರ್ಷ ಮಾಡಿಸುತ್ತಿದ್ದೆವು. ಇನ್ನು ಮಾಡಿಸುವುದಿಲ್ಲ.

ತೊಂದರೆಗಳನ್ನೂ ಹೇಳುತ್ತೇನೆ. ಕಾಕಾ ಫೋನ್ ಎತ್ತುವುದು ಕಡಿಮೆ, ಕೈಯಲ್ಲಿ ಬ್ರಷ್ ಇದ್ದರೆ ಎತ್ತುವುದೇ ಇಲ್ಲ. ನಗದು ಮಾತ್ರ, ಫೋನ್‌ಪೇ ಇಲ್ಲ. ನಾನು ಎಟಿಎಂ ಹುಡುಕಿಕೊಂಡು ಹೋಗಬೇಕಾಯಿತು. ಪ್ರಿಂಟ್ ಆದ ಬಿಲ್ ಬುಕ್ ಇಲ್ಲ. ನಮ್ಮ ಆಫೀಸಿಗೆ ಬಿಲ್ ಇಲ್ಲದೆ ಆಗುವುದಿಲ್ಲ ಅಂದಾಗ, ಬಿಳಿ ಹಾಳೆ ಮೇಲೆ ತಾರೀಖು, ಅಳತೆ, ಬಟ್ಟೆಯ ದರ, ಕೂಲಿ ಎಲ್ಲ ಬರೆದು ಸಹಿ ಹಾಕಿ ಕೊಟ್ಟರು. ಅಕೌಂಟೆಂಟ್ ಒಪ್ಪಿಕೊಂಡರು. ಆ ಬಿಲ್ಲಿನ ಅಕ್ಷರ ನೋಡಿ ಫೈಲಿಗೆ ಹಾಕುವ ಮುಂಚೆ ಆಫೀಸಿನ ಎಲ್ಲರಿಗೂ ತೋರಿಸಿದರು ಕೂಡ.

ಸಭೆ 4.10ಕ್ಕೆ ಶುರುವಾಯಿತು. ಮಂಡಾಳ ಒಗ್ಗರಣೆ, ಚಾ. ಜೈನರಿಗೆ ಉಳ್ಳಾಗಡ್ಡಿ ಹಾಕದೆ ಬೇರೆ ಮಾಡಿಸಿದ್ದೆವು. ಯಾವ ಮೆರವಣಿಗೆ ಯಾವ ದಾರಿ, ಎಷ್ಟು ಹೊತ್ತಿಗೆ, ಮಸೀದಿ ಮುಂದೆ ಬಂದಾಗ ಬ್ಯಾಂಡ್ ಎಲ್ಲಿಂದ ಎಲ್ಲಿಯವರೆಗೆ ನಿಲ್ಲಿಸಬೇಕು, ಎಲ್ಲ ಮಾತಾಡಿದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಲೌಡ್‌ಸ್ಪೀಕರ್ ಹಾಕಬಾರದು ಅನ್ನುವುದು 2000ದ ಶಬ್ದಮಾಲಿನ್ಯ ನಿಯಮ. ಎರಡೂ ಕಡೆಯ ಹುಡುಗರು ಎದ್ದು ನಿಂತು ಪಾಲಿಸುತ್ತೇವೆ ಅಂದರು.

ಆದರೆ ನನ್ನ ಕಣ್ಣಿನ ಮುಂದೆ ಇರುವುದು ಸಭೆ ಶುರುವಾಗುವ ಮುಂಚಿನ ಐದು ನಿಮಿಷ. ಒಬ್ಬ ಅಜ್ಜ ಕೋಲು ಊರಿಕೊಂಡು ಬಂದು, ಕುರ್ಚಿಯಲ್ಲಿ ಕೂರದೆ ನೇರ ಬ್ಯಾನರ್ ಹತ್ತಿರ ಹೋದರು. ಬಲಗಡೆಯಿಂದ ಬೆರಳು ಇಟ್ಟು ಉರ್ದು ಸಾಲನ್ನು ಮೆಲ್ಲಗೆ ಓದಿದರು. ಕೊನೆಯ ಪದದ ಚುಕ್ಕಿ ಮುಟ್ಟಿ ನೋಡಿದರು, ಬಣ್ಣ ಇನ್ನೂ ಸ್ವಲ್ಪ ಹಸಿ ಇತ್ತು. ಬೆರಳಿಗೆ ಹತ್ತಿದ್ದನ್ನು ಆಪಾಗೆ ತೋರಿಸಿ, “ಕೈಯಿಂದ ಬರದಾರ?” ಅಂತ ಕೇಳಿದರು. ಆಪಾ ಹ್ಞೂಂ ಅಂದರು.

ಹೋಗುವವರು ಬೆಳಿಗ್ಗೆ 11ರ ಒಳಗೆ ಹೋಗಿ, ಮಧ್ಯಾಹ್ನ 1ರಿಂದ 2 ಊಟದ ಹೊತ್ತು (ಅವತ್ತು ನಮಗೋಸ್ಕರ ಊಟ ಬಿಟ್ಟು ಕೂತರು). ಎರಡು ದಿನ ಮುಂಚೆ ಹೇಳಿದರೆ ಅವರಿಗೂ ಅನುಕೂಲ. ಬರೆಸಬೇಕಾದ್ದನ್ನು ಫೋನಿನಲ್ಲಿ ತೋರಿಸಬೇಡಿ, ದೊಡ್ಡ ಅಕ್ಷರದಲ್ಲಿ ಹಾಳೆ ಮೇಲೆ ಬರೆದುಕೊಂಡು ಹೋಗಿ. ಉರ್ದು ಬರೆಸುವುದಾದರೆ ಉರ್ದು ಓದುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಾಕಾನ ಹತ್ತಿರ ಒಂದೇ ಸ್ಟೂಲ್ ಇದೆ, ಅದು ಓದುವವರಿಗೆ.